ಸುಡದೆ ಉಳಿದ ಹಲಗೆ

ನಮ್ಮ ಊರಿನ ಯಜಮಾನರು ಘಟಸರ್ಪ. ಮೂಗಿನಿಂದ ಬಾಲದ ತುದಿಯವರೆಗೆ ಇಪ್ಪತ್ತು ಮಾರು ಉದ್ದ, ಮಡಿಸಿಟ್ಟರೂ ಎರಡು ಗಾಡಿಯಷ್ಟು ಅಗಲವಾಗುವ ರೆಕ್ಕೆಗಳು, ಬಾಯಲ್ಲಿ ಬೆಂಕಿ. ಇಷ್ಟು ಹೇಳಿದರೆ ಪರವೂರಿನವರು ಎದೆ ಹಿಡಿದುಕೊಳ್ಳುತ್ತಾರೆ. ನಾವು ಹಣೆ ಹಿಡಿದುಕೊಳ್ಳುತ್ತೇವೆ.

ಅವರ ಹತ್ತಿರ ನಾನು ಮೂವತ್ತೆಂಟು ವರ್ಷದಿಂದ ಗುಮಾಸ್ತ. ಅವರು ಯಾರನ್ನಾದರೂ ಗದರಿದ್ದನ್ನು ನಾನು ಕಂಡಿಲ್ಲ. ಮೂಗಿನ ಮೇಲೆ ನೊಣ ಕೂತರೆ, ಅದು ತಾನಾಗಿ ಎದ್ದುಹೋಗುವವರೆಗೂ ಉಸಿರು ಬಿಗಿಹಿಡಿದು ಕಾಯುತ್ತಾರೆ. ಉಸಿರು ಬಿಟ್ಟರೆ ನೊಣ ಸುಟ್ಟುಹೋದೀತೆಂಬ ಚಿಂತೆ. ಅಷ್ಟು ಹೊತ್ತೂ ನಲವತ್ತು ಜನ ಎದುರಿಗೆ ಕಾಲು ಬದಲಿಸುತ್ತ ನಿಂತಿರುತ್ತಾರೆ.

ನಮ್ಮಲ್ಲಿ ಆಜ್ಞೆ ಬರೆಯುವುದು ಹಸಿ ಮಣ್ಣಿನ ಹಲಗೆಯ ಮೇಲೆ. ನಾನು ಕಡ್ಡಿಯಿಂದ ಕೊರೆಯುತ್ತೇನೆ. ಯಜಮಾನರು ಅದರ ಮೇಲೆ ಉಸಿರು ಬಿಟ್ಟು ಸುಡುತ್ತಾರೆ. ಸುಟ್ಟ ಮೇಲೆ ಅದು ಆಜ್ಞೆ. ಗೋಡೆಗೆ ಏರುತ್ತದೆ, ಒಂದು ಅಕ್ಷರವನ್ನೂ ತಿದ್ದುವ ಹಾಗಿಲ್ಲ. ಸುಡುವ ತನಕ ಅದು ಬರೀ ಮಣ್ಣು. ಹಳೆಯ ಧಾನ್ಯದ ಮಂಡಿಯೇ ನಮ್ಮ ಕಚೇರಿ, ಏಕೆಂದರೆ ಯಜಮಾನರು ಹಿಡಿಸುವ ಬೇರೆ ಕಟ್ಟಡ ಊರಿನಲ್ಲಿಲ್ಲ. ಅಲ್ಲಿ ಗೋಡೆಯ ಮೇಲೆ ತೂಗುವ ಸುಟ್ಟ ಹಲಗೆಗಳು ಮೂವತ್ತೊಂದು. ಕಪಾಟಿನಲ್ಲಿ ಒದ್ದೆ ಗೋಣಿತಾಟಿನ ಕೆಳಗೆ ಕಾಯುತ್ತಿದ್ದ ಹಸಿ ಹಲಗೆಗಳು ನಾನೂರ ಹನ್ನೆರಡು.

ಇದಕ್ಕೊಂದು ಕಾರಣವಿತ್ತು. ಇವರಿಗಿಂತ ಮುಂಚೆ ನಮ್ಮನ್ನು ಆಳಿದವನು ಇವರ ಅಣ್ಣ. ಅವನಿಗೆ ಹಲಗೆಯೂ ಬೇಡ, ಗುಮಾಸ್ತನೂ ಬೇಡ. ನಮ್ಮ ತಂದೆಯ ಕಾಲದಲ್ಲಿ ಒಂದು ಮಧ್ಯಾಹ್ನ ಅವನಿಗೆ ಸಿಟ್ಟು ಬಂತು. ಸಂಜೆಯ ಹೊತ್ತಿಗೆ ನೇಕಾರರ ಬೀದಿ ಇರಲಿಲ್ಲ. ಅವನು ಸತ್ತ ಮೇಲೆ ತಮ್ಮ ಬಂದು ಆ ಬೂದಿಯ ಮೇಲೆ ನಿಂತು, ಒಬ್ಬರ ಕಣ್ಣಲ್ಲಿ ನೀರಿದ್ದರೂ ತನ್ನ ಬಾಯಿಂದ ಬೆಂಕಿ ಬರುವುದಿಲ್ಲವೆಂದು ಮಾತು ಕೊಟ್ಟರು. ಊರೆಲ್ಲ ಕೈ ಮುಗಿಯಿತು. ನಮ್ಮ ತಂದೆಯೂ ಮುಗಿದರು. ಆ ಮಾತಿನ ಕೆಳಗೆ ಬದುಕುವುದು ಹೇಗಿರುತ್ತದೆಂದು ಅವರಿಗೇನು ಗೊತ್ತು?

ಜನ ಬಹಳ ಬೇಗ ಅಳುವುದನ್ನು ಕಲಿತರು. ಯಾವ ವ್ಯಾಜ್ಯಕ್ಕಾದರೂ ಎರಡು ಕಡೆ ಇರುತ್ತದೆ. ಆಜ್ಞೆ ಬೇಡವಾದ ಕಡೆಯವರು ಹೊಸಲು ದಾಟುವಾಗಲೇ ಮೂಗು ಒರೆಸಿಕೊಳ್ಳುತ್ತ ಬರುತ್ತಿದ್ದರು. ಯಜಮಾನರು ಅವರನ್ನು ನೋಡಿ, ತಮ್ಮ ದೊಡ್ಡ ತಲೆಯನ್ನು ನೆಲಕ್ಕಿಟ್ಟು, “ಅಯ್ಯೋ ಪಾಪ, ಇನ್ನೊಂದು ಸಲ ಯೋಚನೆ ಮಾಡೋಣ” ಎನ್ನುವರು. ಹಲಗೆ ಕಪಾಟಿಗೆ ಹೋಗುವುದು. ಒಣಗಿದರೆ ಬಿರುಕು ಬಿಡುತ್ತದಾದ್ದರಿಂದ ದಿನಕ್ಕೆ ಮೂರು ಸಲ ನೀರು ಚಿಮುಕಿಸಬೇಕು. ಬೀದಿ ದೀಪದ ಕಂಬವನ್ನು ಬಾಗಿಲಿನ ಎಡಕ್ಕೆ ನೆಡಬೇಕೋ ಬಲಕ್ಕೆ ನೆಡಬೇಕೋ ಎಂಬ ಹಲಗೆ ಹನ್ನೊಂದು ವರ್ಷದಿಂದ ಹಸಿಯಾಗಿತ್ತು. ಅದರ ಮೇಲೆ ಪಾಚಿ ಬೆಳೆದಿತ್ತು. ಅದರ ಪಕ್ಕದ್ದರಲ್ಲಿ ಯಾವುದೋ ಗಿಡ ಮೊಳೆತಿತ್ತು. ಕೀಳೋಣವೆಂದರೆ ಯಜಮಾನರು ಬೇಡವೆಂದರು.

ನೀರು ಚಿಮುಕಿಸುವ ಕೆಲಸ ನನ್ನ ನಾದಿನಿಯದು. ಅವಳು ನನ್ನ ಹೆಂಡತಿಯ ಒಡಹುಟ್ಟಿದ ತಂಗಿ. ಸೊಂಟಕ್ಕೆ ಸೆರಗು ಬಿಗಿದು, ತಂಬಿಗೆ ಹಿಡಿದು ಕಪಾಟಿನ ಸಾಲಿನಲ್ಲಿ ನಡೆಯುತ್ತ, “ನಾನು ಹೆತ್ತಿದ್ದು ಒಂದು, ಸಾಕ್ತಿರೋದು ನಾನೂರು” ಎಂದು ಯಜಮಾನರಿಗೆ ಕೇಳಿಸುವ ಹಾಗೆಯೇ ಹೇಳುತ್ತಿದ್ದಳು. ಯಜಮಾನರು ನಾಚಿಕೊಂಡು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ನನ್ನ ಹೆಂಡತಿ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು. ಊರ ಮೇಲುಗಡೆಯ ಸಮಾಧಿ ದಿಬ್ಬದ ಅಂಚಿನ ಸಾಲಿನಲ್ಲಿ ಅವಳನ್ನು ಮಲಗಿಸಿದೆವು. ನಲವತ್ತಾರು ವರ್ಷ ಜೊತೆಗಿದ್ದವಳು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ದೇವರು ಕೊಟ್ಟಿದ್ದ, ದೇವರು ಕರೆದುಕೊಂಡ. ನಾನು ದಿನವೂ ಅವನ ಮುಂದೆ ಕೂತು ಕೈ ಮುಗಿಯುವುದನ್ನು ಬಿಟ್ಟಿಲ್ಲ.

ಆ ದಿಬ್ಬವನ್ನು ಹಿಡಿದು ನಿಲ್ಲಿಸಿರುವುದು ಮೂರು ಮಾರು ಎತ್ತರದ ಕಲ್ಲಿನ ತಡೆಗೋಡೆ. ಅದರ ಕೆಳಗೆ ಒಂದು ಓಣಿ, ಓಣಿಯ ಆಚೆ ಏಳು ಮನೆಗಳು. ನಾವು ಅವಳನ್ನು ಮಲಗಿಸಿದ ತಿಂಗಳೊಪ್ಪತ್ತಿಗೆ ಊರ ಮೇಸ್ತ್ರಿ ಬಂದು, ಗೋಡೆ ಹೊಟ್ಟೆ ಬಿಟ್ಟಿದೆ, ಮಳೆ ಹಿಡಿಯುವ ಮುಂಚೆ ಅದನ್ನು ಬಿಚ್ಚಿ ಕಟ್ಟದಿದ್ದರೆ ದಿಬ್ಬವೇ ಮನೆಗಳ ಮೇಲೆ ಕೂರುತ್ತದೆ ಎಂದ. ಗೋಡೆ ಬಿಚ್ಚಬೇಕಾದರೆ ಅಂಚಿನ ಸಾಲಿನ ಇಪ್ಪತ್ತಮೂರು ಸಮಾಧಿಗಳನ್ನು ದಿಬ್ಬದ ಹಿಂಬದಿಗೆ ಸಾಗಿಸಬೇಕು. ಏಳು ಮನೆಯವರಿಗೆ ಮೇಲಿನ ಬೀದಿಯ ಖಾಲಿ ಮನೆಗಳ ಬೀಗ ತೆಗೆದುಕೊಡಬೇಕು. ಇದೆಲ್ಲವನ್ನೂ ನಾನೇ ಒಂದು ಹಲಗೆಯಲ್ಲಿ ಬರೆದೆ. ಸಮಾಧಿಯ ಮನೆಯವರು ಒಬ್ಬೊಬ್ಬರಾಗಿ ಮಂಡಿಗೆ ಬಂದು ಯಜಮಾನರೆದುರು ಬಾಯಿ ಬಿಟ್ಟು ಒಪ್ಪಿಗೆ ಹೇಳಿ ಹೋದರು. ಒಪ್ಪಿಗೆಗೊಂದು ಗೀಟಿನಂತೆ ಇಪ್ಪತ್ತಮೂರು ಗೀಟು ಹಾಕಿದೆ. ಇನ್ನೇನು, ಸುಡುವುದೊಂದು ಬಾಕಿ.

ಯಜಮಾನರು ಸುಡಲಿಲ್ಲ. ಇವತ್ತು, ನಾಳೆ, ನೋಡೋಣ. ಮೂರು ತಿಂಗಳು ಹೀಗೇ ಹೋಯಿತು.

ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ನಾನು ದೇವರ ಮುಂದೆ ಕೂತು ಇನ್ನೂ ಬಾಯಿ ತೆರೆದಿರಲಿಲ್ಲ, ನಾದಿನಿ ಬಾಗಿಲು ತಳ್ಳಿಕೊಂಡು ಬಂದಳು.

“ಭಾವ, ಏಳಿ. ದೇವರು ಎಲ್ಲಿಗೂ ಓಡಿಹೋಗಲ್ಲ. ಗೋಡೆ ಓಡಿಬರೋ ಹಾಗಿದೆ.”

ಅವಳ ಒಬ್ಬಳೇ ಮಗಳನ್ನು ಕೊಟ್ಟಿದ್ದು ಆ ಏಳು ಮನೆಗಳಲ್ಲಿ ನಾಲ್ಕನೆಯದಕ್ಕೆ. ನಮಗೆ ಮಕ್ಕಳಿಲ್ಲ, ಆ ಹುಡುಗಿ ನಮ್ಮ ಮನೆಯಲ್ಲೇ ಹೆಚ್ಚು ಬೆಳೆದವಳು. ಹೆತ್ತು ಹನ್ನೆರಡು ದಿನವಾಗಿತ್ತು. ನಾವು ಹೋದಾಗ ಕೂಸನ್ನು ಭುಜಕ್ಕೆ ಹಾಕಿಕೊಂಡು ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು. ಓಣಿಯಿಂದ ನುಗ್ಗಿದ ಕೆಸರು ಹಿಂಬಾಗಿಲು ದಾಟಿ ತೊಟ್ಟಿಲ ಕಾಲಿಗೆ ಮುಟ್ಟಿತ್ತು.

“ದೊಡ್ಡಪ್ಪ, ಚಪ್ಪಲಿ ಬಿಡಬೇಡಿ, ಹಾಗೇ ಬನ್ನಿ,” ಎಂದಳು.

ಮೇಸ್ತ್ರಿ ಹಿಂದಿನ ಓಣಿಯಲ್ಲಿ ತಡೆಗೋಡೆಯ ಸಂದಿನೊಳಗೆ ಕೈ ತೂರಿಸಿ ನಿಂತಿದ್ದ.

“ಮೊನ್ನೆ ಬೆರಳು ಹೋಗ್ತಿತ್ತು ಗುಮಾಸ್ತರೇ. ಇವತ್ತು ಮುಷ್ಟಿ ಹೋಗುತ್ತೆ. ಇನ್ನೊಂದು ಮಳೆ ತಡೀಬಹುದು. ಎರಡನೇದಕ್ಕೆ ನಾನು ಜವಾಬ್ದಾರನಲ್ಲ.”

“ಹಾಗಾದ್ರೆ ಕೆಲಸ ಶುರು ಮಾಡಯ್ಯ!”

“ಆಜ್ಞೆ ಇಲ್ಲದೆ ಒಂದು ಸಮಾಧಿ ಹೇಗೆ ಮುಟ್ಟಲಿ? ಊರವರು ನನ್ನನ್ನೇ ಅದರೊಳಗೆ ಮಲಗಿಸ್ತಾರೆ.”

ನಾದಿನಿ ಮಗಳ ಬಟ್ಟೆಗಳನ್ನು ಗಂಟು ಕಟ್ಟತೊಡಗಿದಳು. “ನಡಿ ನಮ್ಮನೆಗೆ. ಸಾಕು.”

“ಅತ್ತೇನ ಬಿಟ್ಟು ಹೇಗಮ್ಮ ಬರಲಿ?”

ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಮೂಲೆಯಲ್ಲಿ ಮೊರ ಹಿಡಿದು ಕೆಸರು ತೋಡಿ ಹೊರಗೆ ಎಸೆಯುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: “ನಾನೇನು ಸೊಸೇನ ಕಟ್ಟಿಹಾಕಿಲ್ಲ, ಕರ್ಕೊಂಡು ಹೋಗಿ. ನಾನು ಬರಲ್ಲ. ಬೀಗರ ಮನೇಲಿ ಹೋಗಿ ಬಿದ್ಕೊಳ್ಳೋಕೆ ನನಗೇನು ಮನೆ ಇಲ್ವಾ? ಸುಟ್ಟ ಹಲಗೆ ತೋರ್ಸಿ, ಮೇಲಿನ ಬೀದಿ ಮನೆ ಬೀಗ ತೆಗೀರಿ, ಈ ಮೊರ ಇಲ್ಲೇ ಬಿಸಾಕಿ ಬರ್ತೀನಿ. ಹಲಗೆ ಬರೆಯೋರು ನಮ್ಮ ಬೀಗರೇ ಅಂತ ಊರೆಲ್ಲ ಹೇಳ್ಕೊಂಡಿದ್ದೆ. ಏನು ಪ್ರಯೋಜನ ಬಂತು?”

“ನಾನೂ ಬರಲ್ಲ ಹಾಗಾದ್ರೆ,” ಎಂದಳು ಹುಡುಗಿ.

ನಾದಿನಿ ಗಂಟನ್ನು ಮಂಚದ ಮೇಲೆ ಎಸೆದು ನನ್ನ ಕಡೆ ತಿರುಗಿದಳು. ಆ ನೋಟವನ್ನು ತಡೆಯಲಾರದೆ ನಾನು ನೇರವಾಗಿ ಮಂಡಿಗೆ ನಡೆದೆ.

ಮಂಡಿಯಲ್ಲಿ ಆಗ ದೀಪದ ಕಂಬದ ವಿಚಾರಣೆ. ಹನ್ನೊಂದು ವರ್ಷದಲ್ಲಿ ಎಷ್ಟನೆಯದೋ ದೇವರೇ ಬಲ್ಲ. ಎಡಮನೆಯವನೂ ಬಲಮನೆಯವನೂ ಎದುರುಬದುರು ಕೂತು ಅಳುತ್ತಿದ್ದರು. ಯಜಮಾನರು ಇಬ್ಬರ ನಡುವೆ ಗಲ್ಲ ಊರಿ, ಒಮ್ಮೆ ಇವನ ಕಡೆ ಒಮ್ಮೆ ಅವನ ಕಡೆ ಕಣ್ಣು ಹೊರಳಿಸುತ್ತಿದ್ದರು. ನನ್ನನ್ನು ಕಂಡೊಡನೆ ಮುಖ ಅರಳಿತು.

“ಬನ್ನಿ ಗುಮಾಸ್ತರೇ. ತಿಂಡಿ ಆಯ್ತಾ?”

“ಆಗಿಲ್ಲ. ತಡೆಗೋಡೆ ಹಲಗೆ ಸುಡಬೇಕು. ಈಗಲೇ.”

“ತಿಂಡಿ ಮಾಡದೆ ಬರಬಾರದು ನೀವು. ಈ ವಯಸ್ಸಲ್ಲಿ…”

“ಯಜಮಾನರೇ, ಕೂಸಿನ ತೊಟ್ಟಿಲಿಗೆ ಕೆಸರು ಬಂದಿದೆ!”

ಅವರ ಕಣ್ಣಿನ ಮೇಲೆ ತೆಳುವಾದ ಪೊರೆಯೊಂದು ಇಳಿದು ಮೇಲೆ ಹೋಯಿತು. ನೋವಾದರೆ ಹಾಗಾಗುತ್ತದೆ. “ನನಗೂ ಅದೇ ಚಿಂತೆ. ರಾತ್ರಿಯೆಲ್ಲ ನಿದ್ದೆ ಇಲ್ಲ. ಆದ್ರೆ ಆ ಹಲಗೆ ಸುಡಕ್ಕಾಗಲ್ಲ ಗುಮಾಸ್ತರೇ. ಒಬ್ಬರು ಅತ್ತಿದ್ದಾರೆ.”

“ಯಾರು ಅತ್ತಿದ್ದು? ಇಪ್ಪತ್ತಮೂರು ಮನೆಯವರೂ ಒಪ್ಪಿದ್ದಾರೆ. ನಾನೇ ಗೀಟು ಹಾಕಿದ್ದೀನಿ.”

“ಒಬ್ಬರು ಅತ್ತರು. ಯಾರಿಗೂ ಕಾಣದ ಹಾಗೆ ಅತ್ತರು. ಕಾಣಬಾರದು ಅಂತ ಅತ್ತವರ ಹೆಸರು ನಾನು ಹೇಳಿದ್ರೆ ಮರ್ಯಾದೆ ಅಲ್ಲ. ಅವರೇ ಬಂದು ಒಪ್ಪಿಕೊಂಡ್ರೆ ಈ ಕ್ಷಣ ಸುಡ್ತೀನಿ.”

ಮೂರು ತಿಂಗಳಲ್ಲಿ ಈ ಮಾತನ್ನು ಅವರು ಒಮ್ಮೆಯೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲವೆನ್ನಿ, ಅವರು ನೋಡೋಣ ಎಂದರೆ ಏಕೆಂದು ಕೇಳುವ ಅಭ್ಯಾಸ ನಮಗೆ ಎಂದೋ ತಪ್ಪಿತ್ತು. ನನಗೆ ಮೈ ಉರಿಯಿತು. ಇಲ್ಲಿಗೆ ಬರುವವರೆಲ್ಲ ಊರು ಕೇಳುವಂತೆ ಅಳುತ್ತಾರೆ. ಕದ್ದು ಅತ್ತು ಏಳು ಮನೆಯ ಪ್ರಾಣಕ್ಕೆ ಸಂಚಕಾರ ತಂದ ಈ ಮಹಾನುಭಾವ ಯಾರು?

“ಹುಡುಕೋಣ,” ಎಂದೆ, ನನ್ನ ಹಿಂದೆಯೇ ಬಂದಿದ್ದ ನಾದಿನಿಗೆ. “ಹಿಡಿದು ಎಳ್ಕೊಂಡು ಬರೋಣ.”

ಅಂಚಿನ ಸಾಲಿನಲ್ಲಿ ಸಮಾಧಿ ಇದ್ದವರ ಮನೆಮನೆಗೂ ಹೊರಟೆವು. ಮೊದಲು ಸಿಕ್ಕವನು ದರ್ಜಿ. ಆ ಸಾಲಿನಲ್ಲಿ ಎರಡನೆಯ ಸಮಾಧಿ ಅವನ ತಂದೆಯದು.

“ನಾನು ಅತ್ನಾ?” ದರ್ಜಿ ಕತ್ತರಿ ಕೆಳಗಿಟ್ಟ. “ಗುಮಾಸ್ತರೇ, ನಮ್ಮಪ್ಪ ಸತ್ತ ದಿವಸವೇ ನಾನು ಅಳಲಿಲ್ಲ. ಆರು ತಿಂಗಳು ಹಾಸಿಗೇಲಿ ಮಲಗಿದ್ರೂ ಕೊನೇ ಉಸಿರಿನವರೆಗೆ ನಾನು ಹೊಲಿಯೋ ಗುಂಡಿ ಕಾಜ ಸರಿಯಿಲ್ಲ ಅಂತ ಬೈದವನು. ದಿಬ್ಬದ ಹಿಂದಕ್ಕೇನು, ಪಕ್ಕದೂರಿಗೆ ಸಾಗಿಸಿದ್ರೂ ನನ್ನದು ಒಪ್ಪಿಗೆಯೇ.”

ಹೇಳುತ್ತ ಹೇಳುತ್ತ ಅವನು ಸೂಜಿಗೆ ದಾರ ಪೋಣಿಸಲು ನೋಡಿದ, ಆಗಲಿಲ್ಲ, ಮತ್ತೆ ನೋಡಿದ.

“ಇವನೇ,” ಎಂದೆ ಹೊರಗೆ ಬಂದು.

“ಇವನಲ್ಲ,” ಎಂದಳು ನಾದಿನಿ. “ಇವನು ಅಳೋದು ಈಗ, ನಾವು ಈಚೆ ಬಂದ ಮೇಲೆ. ನಡೀರಿ.”

ಬ್ರೆಡ್ಡಿನ ಅಂಗಡಿಯವಳಿಗೆ ದಿಬ್ಬದಲ್ಲಿರುವುದು ಒಂಬತ್ತು ವರ್ಷದ ಮಗಳು. ಅವಳನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ನಾದಿನಿಯೇ ಕೇಳಿದಳು.

“ಅಳ್ತೀನಪ್ಪ,” ಎಂದಳು ಆಕೆ, ಹಿಟ್ಟು ನಾದುತ್ತಲೇ. “ದಿನಾ ಅಳ್ತೀನಿ. ಆದ್ರೆ ಮನೇಲಿ ಅಳ್ತೀನಿ. ಮಂಡೀಲಿ ಅತ್ರೆ ಕೆಲಸ ಕೆಡುತ್ತೆ ಅಂತ ಗೊತ್ತಿಲ್ವಾ ನನಗೆ? ಕೆಳಗೆ ಬಸುರಿ ಇರೋ ಮನೆ ಇದೆ ಅಂತ ಗೊತ್ತಿರ್ಲಿಲ್ವಾ? ನಾಲಿಗೆ ಕಚ್ಕೊಂಡು ಒಪ್ಪಿಗೆ ಹೇಳಿ ಬಂದೆ. ನೋಡಿ ಬೇಕಾದ್ರೆ, ಗಾಯದ ಗುರುತು ಇನ್ನೂ ಇರಬೇಕು.”

ಅವಳು ನಾಲಿಗೆ ಚಾಚಿದಳು. ನಾವು ನೋಡದೆ ಬಂದೆವು.

ಸಂಜೆಯೊಳಗೆ ಇಪ್ಪತ್ತೆರಡು ಮನೆ ಮುಗಿಯಿತು. ಒಬ್ಬ ಆಣೆ ಇಟ್ಟ, ಒಬ್ಬಳು ಬೈದಳು, ಒಬ್ಬ ನಮ್ಮನ್ನೇ ಕೂರಿಸಿಕೊಂಡು ತನ್ನ ಅಜ್ಜಿಯ ಕಥೆಯನ್ನು ಮೊದಲಿನಿಂದ ಹೇಳಿದ. ಅತ್ತವರು ಯಾರೂ ಇಲ್ಲ. ಮೋಡ ಮತ್ತೆ ಕಟ್ಟುತ್ತಿತ್ತು. ನನ್ನ ಕಾಲು ಊದಿತ್ತು. ಬೀದಿಯ ಕಟ್ಟೆಯ ಮೇಲೆ ಕುಸಿದು ಕೂತು ಯಜಮಾನರನ್ನು ಮನಸಾರೆ ಶಪಿಸಿದೆ. ಇಷ್ಟು ದೊಡ್ಡ ಮೈ ಕೊಟ್ಟ ದೇವರು ಅದರೊಳಗೆ ಒಂದು ಸಾಸಿವೆಯಷ್ಟು ಗಡುಸುತನ ಇಡಬಾರದಿತ್ತೇ?

“ಇಪ್ಪತ್ತೆರಡು ಆಯ್ತು,” ಎಂದಳು ನಾದಿನಿ. “ಇಪ್ಪತ್ತಮೂರನೇದು?”

“ಅದು ನಮ್ಮದೇ ಅಲ್ವೇ.”

“ಅಕ್ಕಂದು. ಅದರ ಒಪ್ಪಿಗೆ ಯಾವಾಗ ಹೇಳಿದ್ರಿ?”

“ಹೇಳೋದೇನು? ಹಲಗೆ ಬರೆದವನೇ ನಾನು. ಗೀಟು ಹಾಕ್ದೆ.”

ಅವಳು ಸೆರಗು ಕೊಡವಿ ಎದ್ದು ಮನೆಯ ಕಡೆ ನಡೆದಳು. ಅವಳು ಬೈದರೆ ನನಗೆ ಭಯವಿಲ್ಲ. ಸುಮ್ಮನಿದ್ದರೆ ಭಯ.

ಮರುದಿನ ಬಾಗಿಲು ತೆಗೆಯುವ ಹೊತ್ತಿಗೇ ಮಂಡಿಗೆ ಹೋದೆವು. ಬೇರೆ ಯಾರೂ ಬಂದಿರಲಿಲ್ಲ. ಯಜಮಾನರು ಆಗತಾನೇ ಎದ್ದು ರೆಕ್ಕೆಯ ಮಡಿಕೆಗಳನ್ನು ಸಡಿಲ ಮಾಡಿಕೊಳ್ಳುತ್ತಿದ್ದರು.

“ಬನ್ನಿ. ತಿಂಡಿ…”

“ತಿಂಡಿ ಸುಡ್ಲಿ!” ಎಂದೆ. ಮೂವತ್ತೆಂಟು ವರ್ಷದಲ್ಲಿ ಅವರ ಮುಂದೆ ದನಿ ಎತ್ತಿದ್ದು ಅದೇ ಮೊದಲು. “ಇಪ್ಪತ್ತೆರಡು ಮನೆ ತಿರುಗಿದೆ. ಯಾರೂ ಅತ್ತಿಲ್ಲ. ನೀವು ಯಾರನ್ನೋ ಕಂಡು ಏನೋ ಅಂದುಕೊಂಡಿದ್ದೀರಿ. ನಿಮ್ಮ ಈ ಕನಿಕರ ಇದೆಯಲ್ಲ, ಇದಕ್ಕಿಂತ ನಿಮ್ಮಣ್ಣನ ಸಿಟ್ಟೇ ವಾಸಿ. ಅವನು ಒಂದು ಬೀದಿ ಸುಟ್ಟ. ನೀವು ಊರನ್ನೇ ನೆನೆಹಾಕಿ ಕೊಳೆಸ್ತಿದ್ದೀರಿ. ಹೇಳಿ, ಯಾರು ಅತ್ತಿದ್ದು?”

ಮಾತು ಹೆಚ್ಚಾಯಿತೆಂದು ನನಗೇ ಅನ್ನಿಸಿತು. ಅಣ್ಣನ ಹೆಸರು ಎತ್ತಬಾರದಿತ್ತು. ಯಜಮಾನರು ತಲೆಯನ್ನು ಮೆಲ್ಲಗೆ ತಂದು ನನ್ನ ಎದೆಯ ಎತ್ತರಕ್ಕೆ ಇಳಿಸಿದರು.

“ನೀವೇ ಗುಮಾಸ್ತರೇ.”

“ನಾನು ಅಳಲಿಲ್ಲ.”

“ಮೇಸ್ತ್ರಿ ಬಂದು ಇಪ್ಪತ್ತಮೂರು ಅಂದ. ನೀವು ಇಪ್ಪತ್ತಮೂರು ಅಂತ ಕೊರೆದ್ರಿ. ಕೈ ನಡುಗಲಿಲ್ಲ. ಆಮೇಲೆ ಎದ್ದು ಕಪಾಟಿನ ಹತ್ರ ಹೋಗಿ ಹಲಗೆಗಳಿಗೆ ನೀರು ಚಿಮುಕಿಸ್ತಾ ನಿಂತ್ರಿ. ಅದಕ್ಕೆ ಸ್ವಲ್ಪ ಮುಂಚೆ ಈಕೆ ಚಿಮುಕಿಸಿ ಹೋಗಿದ್ದರು. ಬೆನ್ನು ನನ್ನ ಕಡೆಗಿತ್ತು. ಎಷ್ಟೋ ಹೊತ್ತು ಹಾಗೇ ನಿಂತಿದ್ರಿ.” ಅವರು ತಡೆದು ಹೇಳಿದರು: “ಎಲ್ಲರೂ ಬಾಯಿ ಬಿಟ್ಟು ಒಪ್ಪಿಗೆ ಹೇಳಿದ್ರು. ನೀವು ಹೇಳಲಿಲ್ಲ. ಬರೀ ಗೀಟು ಹಾಕಿದ್ರಿ. ಕೇಳಿದ್ರೆ ನಿಮಗೆ ನೋವಾಗುತ್ತೆ ಅಂತ ನಾನು ಕೇಳಲಿಲ್ಲ.”

ನಾನು ನಿಂತಲ್ಲೇ ಕೂತೆ. ನಾದಿನಿ ತಂಬಿಗೆಯನ್ನು ನೆಲಕ್ಕಿಟ್ಟ ಸದ್ದು ಕೇಳಿಸಿತು.

“ಮೂರು ತಿಂಗಳು!” ಎಂದಳು ಅವಳು. ಯಾರಿಗೆ ಹೇಳಿದಳೋ. “ಇವರು ಬಾಯಿ ಬಿಡಲ್ಲ, ಅವರು ಬಾಯಿ ಬಿಡಿಸಲ್ಲ. ನಡುವೆ ನನ್ನ ಮಗಳು ಕೂಸು ಎತ್ಕೊಂಡು ಮಂಚದ ಮೇಲೆ ಕೂತಿದ್ದಾಳೆ. ಭಾವ, ಅವಳು ನನಗೂ ಅಕ್ಕ. ನನ್ನ ಜಡೆ ಹೆಣೆದವಳು. ಹೇಳಿಬಿಡಿ.”

ಹೇಳಬೇಕಾದದ್ದು ಎಷ್ಟು? ನನಗೆ ಒಪ್ಪಿಗೆ ಇದೆ, ಅಷ್ಟೇ. ನಾಲ್ಕು ತಿಂಗಳ ಹಿಂದೆ ಎರಡೂ ಕೈಯಿಂದ ಮಣ್ಣು ಹಾಕಿ, ಇನ್ನು ಇವಳಿಗೆ ಯಾರ ಕಾಟವೂ ಇಲ್ಲ, ಏಳು ಎನ್ನುವವರಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಕೊನೆಯ ವರ್ಷ ಅವಳನ್ನು ಹಾಸಿಗೆಯಿಂದ ಎಬ್ಬಿಸಿದಾಗಲೆಲ್ಲ ಅವಳಿಗೆ ನೋವಾಗುತ್ತಿತ್ತು. ಈಗ ಮತ್ತೆ ಎಬ್ಬಿಸು ಎಂದು ನನ್ನ ಬಾಯಿಂದ ಬರಬೇಕು.

“ನನಗೆ…” ಎಂದೆ. ಮತ್ತೆ ಹೇಳಿದೆ. “ನನಗೆ ಒಪ್ಪಿಗೆ ಇದೆ.”

ಹೇಳಿ ಮುಗಿಯುವಷ್ಟರಲ್ಲಿ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಬ್ರೆಡ್ಡಿನ ಅಂಗಡಿಯವಳಂತೆ ನಾಲಿಗೆ ಕಚ್ಚಿಕೊಳ್ಳುವುದು ನನಗೆ ತಿಳಿಯಲಿಲ್ಲ.

ಹಲಗೆ ತರಹೇಳಲೆಂದು ಬಾಯಿ ತೆರೆದಿದ್ದ ಯಜಮಾನರು ಟಕ್ಕನೆ ಬಾಯಿ ಮುಚ್ಚಿಕೊಂಡರು. “ಅಯ್ಯೋ ಪಾಪ,” ಎಂದರು. “ಅಳ್ತಿದ್ದೀರಲ್ಲ. ಇನ್ನೊಂದು ಸಲ…”

“ಯೋಚನೆ ಮಾಡೋಣ ಅಂದ್ರೆ ಈ ತಂಬಿಗೆ ತಲೆ ಮೇಲೆ ಬೀಳುತ್ತೆ!” ನಾದಿನಿ ಕಿರುಚಿದಳು. ಅಷ್ಟು ದೊಡ್ಡ ತಲೆಗೆ ಅದರಿಂದ ಏನಾಗುತ್ತಿತ್ತೋ ಅವಳೂ ಯೋಚಿಸಿರಲಿಲ್ಲ.

ನಾನು ಎದ್ದು ಹೋಗಿ ಗೋಣಿತಾಟು ಸರಿಸಿ ಆ ಹಲಗೆಯನ್ನು ತೆಗೆದೆ. ಒದ್ದೆಯಾದ ಹಲಗೆ ಭಾರ ಹೆಚ್ಚು. ಎರಡೂ ಕೈಯಲ್ಲಿ ಹಿಡಿದು ಅವರ ಬಾಯಿಯ ಮುಂದೆ ಇಟ್ಟೆ.

“ಸುಡಿ.”

“ನಿಮ್ಮ ಕಣ್ಣಲ್ಲಿ ನೀರಿದೆ ಗುಮಾಸ್ತರೇ. ನಾನು ಮಾತು ಕೊಟ್ಟಿದ್ದೀನಿ.”

“ಇದೆ. ಇದು ಒಣಗೋ ನೀರಲ್ಲ. ನೀವು ಕಾದ್ರೆ ನಾನು ಸಾಯೋವರೆಗೂ ಕಾಯಬೇಕು. ಯಜಮಾನರೇ, ದೇವರು ಅವಳನ್ನ ಕರ್ಕೊಂಡಾಗ ನನ್ನ ಕಣ್ಣು ನೋಡಿ ನಿಲ್ಲಲಿಲ್ಲ. ಆದ್ರೂ ದಿನಾ ಬೆಳಿಗ್ಗೆ ಅವನಿಗೆ ಕೈ ಮುಗೀತೀನಿ. ನಿಮಗೂ ಮುಗೀತೀನಿ. ಸುಡಿ.”

“ನಿಮಗೆ ನೋವಾಗುತ್ತೆ.”

“ಆಗುತ್ತೆ. ಸುಡಿ ಅಂದೆ.”

ಅವರು ನನ್ನನ್ನೇ ನೋಡಿದರು. ಆ ಕಣ್ಣಿನ ಪೊರೆ ಇಳಿಯಿತು, ಮೇಲೆ ಹೋಗಲಿಲ್ಲ. ಹಾಗೆಯೇ ಕುರುಡರಂತೆ ಹಲಗೆಯ ಮೇಲೆ ಬಾಗಿ ಉಸಿರು ಬಿಟ್ಟರು. ಗಂಟಲೊಳಗೆ ಏನೋ ಅದುರುತ್ತಿತ್ತು. ಬೆಂಕಿ ತಡೆತಡೆದು ಬಂತು. ಮಣ್ಣು ಮೊದಲು ಹಬೆಯಾಡಿತು, ಆಮೇಲೆ ಬೆಳ್ಳಗಾಯಿತು, ಆಮೇಲೆ ಕೆಂಪಗಾಯಿತು. ಹಲಗೆ ಒಂದು ಮೂಲೆಯಲ್ಲಿ ಸೀಳಿತು, ಆದರೆ ಅಕ್ಷರ ಉಳಿದವು.

ನಾದಿನಿ ಅದು ಆರುವವರೆಗೂ ಕಾಯದೆ ಒದ್ದೆ ಗೋಣಿತಾಟಿನಲ್ಲಿ ಸುತ್ತಿಕೊಂಡು ಓಡಿದಳು. ಬೀಗಿತ್ತಿ ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಬೆರಳಿನಿಂದ ತಟ್ಟಿ, ಮೊರ ಬಿಸಾಕಿದರಂತೆ. ನಡುಹಗಲಿನ ಹೊತ್ತಿಗೆ ಏಳು ಮನೆಗಳ ಪಾತ್ರೆಪಗಡೆ ಮೇಲಿನ ಬೀದಿಗೆ ಏರುತ್ತಿತ್ತು.

ಮೇಸ್ತ್ರಿ ಮಾತ್ರ ತಲೆ ಕೆರೆದುಕೊಳ್ಳುತ್ತ ಮಂಡಿಗೆ ಬಂದ. “ಮೇಲೆ ಅಗೆಯೋಕೆ ಶುರು ಮಾಡಿದ್ರೆ ಗೋಡೆ ಆಗಲೇ ಜಾರುತ್ತೆ. ಮರದ ಆನಿಕೆ ಕೊಟ್ಟು ಗೋಡೆ ನಿಲ್ಲಿಸೋಕೆ ಐದು ದಿವಸ ಬೇಕು. ಮಳೆ ಐದು ದಿವಸ ಕಾಯುತ್ತಾ?”

“ನಾನು ಒರಗ್ಲಾ?” ಎಂದರು ಯಜಮಾನರು. “ಯಾರಿಗೂ ತೊಂದರೆ ಇಲ್ಲ ಅಂದ್ರೆ.”

ಒಂಬತ್ತು ವರ್ಷದಿಂದ ಅವರು ಮಂಡಿಯಿಂದ ಹೊರಗೆ ಬಂದಿರಲಿಲ್ಲ. ಬೀದಿಯಲ್ಲಿ ನಡೆದರೆ ಯಾರ ಮನೆಯ ಸೂರಿಗೆ ರೆಕ್ಕೆ ತಗಲುವುದೋ ಎಂಬ ಅಂಜಿಕೆ. ಆ ದಿನ ತಗಲಿತು. ದರ್ಜಿಯ ಅಂಗಡಿಯ ಚಪ್ಪರ ಹೋಯಿತು. ಅವರು ನಿಂತು ದರ್ಜಿಯ ಕ್ಷಮೆ ಕೇಳಿದರು. ನಾಲ್ಕು ಹೆಜ್ಜೆಗೆ ಗಾಜಿನಂಗಡಿಯ ನಾಮಫಲಕ ಬಿತ್ತು. ಮತ್ತೆ ನಿಂತರು, ಮತ್ತೆ ಕ್ಷಮೆ. ಬಾಲ ತಾಗಿ ನೀರಿನ ತೊಟ್ಟಿ ಮಗುಚಿಕೊಂಡಿತು. ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ತೊಟ್ಟಿಯ ಕ್ಷಮೆಯನ್ನೇ ಕೇಳಿದರು.

“ಯಜಮಾನರೇ, ಕ್ಷಮೆ ಎಲ್ಲಾ ವಾಪಸ್ ಬರೋವಾಗ ಒಟ್ಟಿಗೆ ಕೇಳಿ, ನಡೀರಿ!” ಎಂದು ಹಿಂದಿನಿಂದ ನಾನು ಕೂಗಿಕೊಳ್ಳುತ್ತಿದ್ದೆ.

ಕೊನೆಗೂ ಓಣಿಗೆ ತಲುಪಿ, ಮೈ ಹಿಸುಕಿಕೊಂಡು ಒಳಗೆ ನುಗ್ಗಿ, ಪಕ್ಕೆಯನ್ನು ತಡೆಗೋಡೆಗೆ ಕೊಟ್ಟು ಮಲಗಿದರು. ಗೋಡೆ ಒಮ್ಮೆ ನರಳಿ ನಿಂತಿತು. ಮೇಸ್ತ್ರಿ ಸಂದಿನೊಳಗೆ ಕೈ ಹಾಕಿ ನೋಡಿ ತಲೆಯಾಡಿಸಿದ. ಮೈ ಕೆಳಗಿತ್ತು, ಕತ್ತು ಉದ್ದವಾದ್ದರಿಂದ ತಲೆ ದಿಬ್ಬದ ಅಂಚಿನ ಮೇಲೆ ಬಂದು ಕೂತಿತು. ಅಲ್ಲಿಂದ ಅಗೆಯುವವರಿಗೆಲ್ಲ ನಿಧಾನ, ನಿಧಾನ ಎಂದು ಹೇಳುತ್ತ, ಎಲ್ಲರ ಕೈಗೂ ಕಾಲಿಗೂ ಅಡ್ಡವಾಗಿದ್ದರು.

ಎರಡು ದಿನ ಮೇಸ್ತ್ರಿಯ ಜನ ಒಬ್ಬೊಬ್ಬರನ್ನಾಗಿ ಹಿಂದಕ್ಕೆ ಸಾಗಿಸಿದರು. ಎರಡನೆಯ ದಿನ ಸಣ್ಣಗೆ ಮಳೆಯೂ ಬಿತ್ತು. ಯಜಮಾನರು ಅಲುಗಲಿಲ್ಲ. ನನ್ನವಳ ಸರದಿ ಕೊನೆಗೆ ಬಂತು. ಶವದ ಪೆಟ್ಟಿಗೆ ಗುಂಡಿಯಿಂದ ಮೇಲೆ ಬಂದಾಗ ನಾನು ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿದೆ. ನಾದಿನಿ ಪೆಟ್ಟಿಗೆಯ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದಳು. ಅದುವರೆಗೆ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಅಕ್ಕ ಸತ್ತಾಗಲೂ ಇಲ್ಲ.

ಮೇಸ್ತ್ರಿ ಒಂದು ಗುಂಡಿ ಹೆಚ್ಚಾಗಿಯೇ ತೋಡಿಸಿದ್ದರಿಂದ ಹಿಂಬದಿಯಲ್ಲಿ ಎರಡು ಗುಂಡಿ ಉಳಿದಿದ್ದವು. ಒಂದು ಮರದ ಕೆಳಗೆ, ಇನ್ನೊಂದು ಬಯಲಿನಲ್ಲಿ.

“ಮರದ ಕೆಳಗೆ,” ಎಂದೆ. “ಅವಳಿಗೆ ಬಿಸಿಲು ಆಗ್ತಿರಲಿಲ್ಲ.”

“ಬಯಲಲ್ಲಿ,” ಎಂದಳು ನಾದಿನಿ. “ಅಲ್ಲಿಂದ ದಾರಿ ಕಾಣುತ್ತೆ. ಅಕ್ಕಂಗೆ ಹೋಗೋರು ಬರೋರು ಕಾಣಬೇಕು. ಒಂದು ದಿನ ಆದ್ರೂ ಕಿಟಕಿ ಮುಚ್ಚಿದ್ದಾಳಾ ಅವಳು?”

“ತಲೆನೋವು ಬರ್ತಿತ್ತು ಬಿಸಿಲಿಗೆ.”

“ಅದು ನಿಮ್ಮ ಮನೆಗೆ ಬಂದ ಮೇಲೆ ಬಂದ ತಲೆನೋವು! ನಮ್ಮನೇಲಿ ಇರ್ಲಿಲ್ಲ.”

“ನೀನು ಸುಮ್ನಿರೇ.”

“ನೀವು ಸುಮ್ನಿರಿ ಭಾವ. ಮೂರು ತಿಂಗಳು ಸುಮ್ನಿದ್ರಲ್ಲ, ಇನ್ನೂ ಸ್ವಲ್ಪ ಇರಿ.”

ಪೆಟ್ಟಿಗೆಯ ಹಗ್ಗ ಹಿಡಿದ ನಾಲ್ಕು ಜನರ ತೋಳು ನಡುಗುತ್ತಿತ್ತು. ಮೇಸ್ತ್ರಿ ಅಸಹಾಯಕನಾಗಿ ಅಂಚಿನ ಕಡೆ ನೋಡಿದ. ಯಜಮಾನರು ನೊಂದ ಮುಖದಿಂದ ಇಬ್ಬರನ್ನೂ ನೋಡಿದರು.

“ಇಬ್ಬರು ಹೇಳೋದೂ ಸರಿಯಾಗೇ ಇದೆ,” ಎಂದರು. “ಇನ್ನೊಂದು ಸಲ…”

“ಯಜಮಾನರೇ!” ಎಂದು ನಾವಿಬ್ಬರೂ, ಮೇಸ್ತ್ರಿಯೂ, ಹಗ್ಗ ಹಿಡಿದವರೂ ಒಟ್ಟಿಗೆ ಕೂಗಿದೆವು.

ಅವರು ಬಾಯಿ ಮುಚ್ಚಿಕೊಂಡರು. ಮರವನ್ನು ನೋಡಿದರು. ಬಯಲನ್ನು ನೋಡಿದರು.

“ಮರದ ಕೆಳಗೆ,” ಎಂದರು.

ಹೇಳಿದವರೇ ಕಣ್ಣು ಬಿಗಿಯಾಗಿ ಮುಚ್ಚಿ ಕಾದರು. ನಾದಿನಿಯ ಮುಖ ಮೆಲ್ಲನೆ ಕದಡಿತು. ಮೊದಲು ತುಟಿ, ಆಮೇಲೆ ಗಲ್ಲ. ಅವಳು ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತು, ಮಗುವಿನ ಹಾಗೆ, ಸದ್ದು ಮಾಡಿ ಅತ್ತಳು. ಯಜಮಾನರು ಕಣ್ಣು ತೆರೆದು ಅವಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಮಾತು ಬದಲಿಸಲಿಲ್ಲ.

ಮೇಸ್ತ್ರಿ ಮರದ ಕಡೆ ಕೈ ತೋರಿಸಿದ. ಹಗ್ಗ ಹಿಡಿದವರು ನಡೆದರು.